ನನ್ನ ತಂಗಿಯ ಮೇಲೆ ಕಟ್ಟಿದ ಹಾಡು

ಕನ್ನಡ ನಾಡು ಒಂದಾಗುವುದಕ್ಕೆ ಹಿಂದಿನ ವರ್ಷದ ಮಾತು. ನಾವು ಇನ್ನೂ ಮುಂಬಯಿ ಸರಕಾರದ ಕೆಳಗೆ ಇದ್ದೆವು. ಆ ವರ್ಷ ಬಿಳಿಜೋಳ ಚೆನ್ನಾಗಿ ಬಂದು ನರಗುಂದದ ಪೇಟೆಯಲ್ಲಿ ಚಕ್ಕಡಿ ನಿಲ್ಲಿಸಲು ಜಾಗವಿರಲಿಲ್ಲ. ನಮ್ಮ ಮನೆಯವರದು ಅಲ್ಲೇ ಕಾಳಿನ ಅಂಗಡಿ. ಸುಗ್ಗಿ ಮುಗಿಯುತ್ತಲೇ ನೀಲವ್ವನ ಮದುವೆ ಮಾಡಿಬಿಡಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ನೀಲವ್ವ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ನನ್ನ ತಂಗಿ ಗೌರವ್ವನ ಮಗಳು. ನಮ್ಮ ತವರು ಯಾವಗಲ್ಲು. ನನ್ನನ್ನು ನರಗುಂದಕ್ಕೆ ಕೊಟ್ಟರು, ಗೌರವ್ವನನ್ನು ಅಸೂಟಿಯ ಒಕ್ಕಲುತನದ ಮನೆಗೆ ಕೊಟ್ಟರು. ನೀಲವ್ವನಿಗೆ ಐದು ವರ್ಷವಿದ್ದಾಗ ಗೌರವ್ವ ಊರ ಹೊರಗಿನ ಸಿಹಿನೀರಿನ ಬಾವಿಯಲ್ಲಿ ಬಿದ್ದು ಸತ್ತಳು. ಅವಳಿಗೆ ಕೆಲವು ದಿನಗಳಿಂದ ಜ್ವರ ಬರುತ್ತಿತ್ತು. ಅಂದು ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು, ಮನೆಯಲ್ಲಿ ಕುಡಿಯಲು ಹನಿ ನೀರಿರಲಿಲ್ಲ. ಜ್ವರದ ಮೈಯಲ್ಲೇ ಕೊಡ ತೆಗೆದುಕೊಂಡು ಹೋದಳು. ಮಗಳು ಸೆರಗು ಹಿಡಿದು ಹಿಂದೆ ಹೋಯಿತು. ಮೆಟ್ಟಿಲಿಳಿದು, ಬಗ್ಗಿ ಕೊಡ ಅದ್ದುವಾಗ ತಲೆ ಸುತ್ತಿ ನೀರಿಗೆ ಬಿದ್ದಳು. ಕೂಸು ಓಡಿಬಂದು ಊರ ಅಗಸಿ ಬಾಗಿಲಲ್ಲಿ ಕೂತವರಿಗೆ ಹೇಳಿ, ಅವರು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರುದಿನ ಬಾವಿಗಿಳಿದವರು ಕೊಡವನ್ನೂ ಮೇಲೆ ತಂದರು. ವರ್ಷ ತುಂಬುವುದರೊಳಗೆ ಅವಳ ಗಂಡ ಇನ್ನೊಂದು ಮದುವೆಯಾದ. ನೀಲವ್ವ ನಮ್ಮ ಮನೆಗೆ ಬಂದಳು.

ಇಷ್ಟೇ ಆಗಿದ್ದರೆ ಸಂಕಟವನ್ನು ನುಂಗಿಕೊಂಡು ಇರುತ್ತಿದ್ದೆವು. ಮುಂದಿನ ಚಳಿಗಾಲದಲ್ಲಿ ನಾನು ಯಾವಗಲ್ಲಿಗೆ ಹೋಗಿದ್ದಾಗ, ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು ಸಾಲಿನಲ್ಲಿ ನಿಂತು ಒಂದು ಹೊಸ ಹಾಡು ಹಾಡುತ್ತಿದ್ದರು:

ಅಸೂಟಿ ಗೌರಿ ನೀರಿಗಿ ಹೊಂಟಾಳ
ಕೊಡ ಇಲ್ಲದ ಕೈಗಿ ಹೊಸ ಬಳಿ ಇಟ್ಟಾಳ

ಮುಂದೆ ಹಾಡಿನಲ್ಲಿ ಒಬ್ಬ ಬಳೆಗಾರ ಬರುತ್ತಾನೆ. ಬಾವಿಯ ಹತ್ತಿರ ಸಿಗುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಗೌರಿ ಕಾಯುತ್ತಾಳೆ. ಅವನು ಬರುವುದಿಲ್ಲ. ಅವಳು ಬಾವಿಗೆ ಹಾರಿಕೊಳ್ಳುತ್ತಾಳೆ. ಹಾಡು ಕಟ್ಟಿದವನ ಹೆಸರನ್ನು ಕೊನೆಯ ನುಡಿಯಲ್ಲಿ ಹೇಳುವುದು ನಮ್ಮ ಕಡೆಯ ಪದ್ಧತಿ. ಗಜೇಂದ್ರಗಡದ ಈರಪ್ಪ ಎಂದಿತ್ತು. ಆ ಹೆಂಗಸರಿಗೆ ನಾನು ಗೌರವ್ವನ ಅಕ್ಕನೆಂದು ಗೊತ್ತಿರಲಿಲ್ಲ. ಹಾಡಿನ ದಾಟಿ ಎಷ್ಟು ಚೆನ್ನಾಗಿತ್ತೆಂದರೆ, ಒಮ್ಮೆ ಕೇಳಿದರೆ ಬಾಯಿಗೆ ಹತ್ತಿಬಿಡುತ್ತಿತ್ತು. ಬರಬರುತ್ತ ಅದು ಬೀಸುಕಲ್ಲಿನ ಮುಂದೆ, ಕಳೆ ತೆಗೆಯುವಲ್ಲಿ, ನರಗುಂದದ ಸಂತೆಯಲ್ಲಿ ಎಲ್ಲೆಲ್ಲಿಯೂ ಕೇಳಿಸತೊಡಗಿತು. ಗೌರವ್ವನನ್ನು ಕಣ್ಣಿನಿಂದ ನೋಡದವರಿಗೂ ಅವಳ ಬಳೆಯ ಬಣ್ಣ ಗೊತ್ತಾಯಿತು.

ಹೀಗೇ ಹತ್ತು ವರ್ಷ ಹೋದವು. ರೋಣದಿಂದ ನೀಲವ್ವನನ್ನು ನೋಡಲು ಬಂದರು. ಹುಡುಗನ ತಾಯಿ, ಅವನ ದೊಡ್ಡಪ್ಪ ಮತ್ತು ಇಬ್ಬರು ಹಿರಿಯರು. ಮನೆತನ ಒಳ್ಳೆಯದು, ಹುಡುಗ ಬಡಿವಾರವಿಲ್ಲದವನು ಎಂದು ನಮ್ಮ ಮನೆಯವರು ವಿಚಾರಿಸಿ ತಿಳಿದುಕೊಂಡಿದ್ದರು. ನಾನು ಬೆಳಿಗ್ಗೆ ಬೇಗ ಎದ್ದು ಹೋಳಿಗೆ ಮಾಡಿದ್ದೆ. ಹುಡುಗನ ತಾಯಿ ನೀಲವ್ವನನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ತಲೆ ಸವರಿದಳು. ಆಮೇಲೆ, "ಹಡೆದಾಕಿ ಊರು ಯಾವುದವ್ವ?" ಎಂದು ಕೇಳಿದಳು.

"ಅಸೂಟಿರೀ. ಗೌರವ್ವ ಅಂತ ನಮ್ಮವ್ವ."

ತಲೆಯ ಮೇಲಿದ್ದ ಕೈ ನಿಂತಿತು. "ಯಾವ ಗೌರವ್ವ? ಆ ಹಾಡಿನ ಗೌರವ್ವನ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜ್ವರ, ನೀರು, ಕೊಡ ಎಲ್ಲ ಹೇಳಿದೆ. ಹುಡುಗನ ದೊಡ್ಡಪ್ಪ ತಾಳ್ಮೆಯಿಂದ ಕೇಳಿದರು. ಅವರು ಕೆಟ್ಟವರಲ್ಲ.

"ನೋಡ್ರೆವ್ವ, ನೀವು ಅಕ್ಕ ಇದ್ದೀರಿ, ನೀವು ಹಿಂಗ ಹೇಳಬೇಕಾದ್ದ" ಎಂದರು. "ಹಾಡು ಕಟ್ಟಿದಾವ ಇನ್ನೂ ಇದ್ದಾನಲ್ಲ? ಅವನ ಬಂದು ನಮ್ಮ ಮುಂದ ಇದು ಸುಳ್ಳು ಅಂತ ಹೇಳಲಿ. ಎದ್ದು ಎಲಿಅಡಿಕಿ ಹಿಡಿತೀವಿ."

ಅವರು ಹೋದ ಮೇಲೆ ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತು ಕೂತರು. "ಹಾಡು ಹಾಡಾವನ ಕೂಡ ಯಾರು ಜಗಳಾ ಮಾಡ್ತಾರ? ನಾಳೆ ನಮ್ಮ ಮ್ಯಾಲೂ ಒಂದು ಕಟ್ಟತಾನ" ಎಂದರು. "ಜಗಳಕ್ಕಲ್ಲ, ಕೇಳಾಕ ಹೋಗತೀನಿ" ಎಂದು ನಾನು ಅಂದೆ. ನೀಲವ್ವ ಒಳಗಿನಿಂದಲೇ, "ನಾನೂ ಬರ್ತೀನಿ ದೊಡ್ಡವ್ವ" ಎಂದಳು. ಬೇಡವೆಂದರೆ ಕೇಳಲಿಲ್ಲ.

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಸುಕಿನ ಬಸ್ಸಿಗೆ ಹೊರಟೆವು. ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ನೇಕಾರರ ಓಣಿಯಲ್ಲಿ ಎರಡೂ ಕಡೆ ಮಗ್ಗಗಳ ಸಪ್ಪಳ. ಈರಪ್ಪನ ಮನೆ ಎಂದರೆ ಸಣ್ಣ ಮಕ್ಕಳೂ ಕೈ ಮಾಡಿ ತೋರಿಸಿದರು.

ನನ್ನ ಮನಸ್ಸಿನಲ್ಲಿ ಅವನು ದೊಡ್ಡ ಮೀಸೆಯ, ಜರಿ ರುಮಾಲಿನ ಗಂಡಸು. ಬಾಗಿಲೊಳಗೆ ನೋಡಿದರೆ ಒಬ್ಬ ಬಡಕಲು ಮನುಷ್ಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಹೆಂಡತಿ ಅತ್ತ ಕೂತು ರಾಟಿಯಲ್ಲಿ ನೂಲು ಸುತ್ತುತ್ತಿದ್ದಳು. ಗೋಡೆಯ ಗೂಟಕ್ಕೆ, ಹಾಡುವಾಗ ಬಡಿಯುವ ತೊಗಲಿನ ಒಂದು ದಪ್ಪು ತೂಗುಹಾಕಿತ್ತು.

"ಬರ್ರೆವ್ವ. ಸೀರಿ ನೋಡಾಕ ಬಂದೀರೇನು?" ಎಂದ.

"ಸೀರಿಗೆ ಬಂದಿಲ್ಲರಿ ಅಣ್ಣಾರ. ಹಾಡಿನ ಸಲುವಾಗಿ ಬಂದೇವಿ."

ಹೆಂಡತಿ ತಿಪ್ಪವ್ವ ನಕ್ಕಳು. "ಹಾಡು ಬೇಕಂದ್ರ ಚೀಲ ತುಂಬಿಕೊಂಡು ಒಯ್ರಿ. ಸೀರಿ ಕೇಳೀರಿ ಅಂದ್ರ ಮಾತ್ರ ಸಿಗೂದಿಲ್ಲ. ನಮ್ಮವರದು ಒಂದು ಎಳಿ ನೇಯೋದು, ಒಂದು ನುಡಿ ಹಾಡೋದು. ಸೆರಗು ಬರೂದ್ರಾಗ ಉಡಾಕಿ ಮುದುಕಿ ಆಗಿರತಾಳ."

"ಆಕಿ ಮಾತು ಕೇಳಬ್ಯಾಡ್ರಿ" ಎಂದು ಅವನೂ ನಕ್ಕ. "ಯಾ ಊರಾತು?"

"ನಂದು ನರಗುಂದ. ಈ ಹುಡಿಗಿ ಅಸೂಟೀದು. ಗೌರವ್ವನ ಮಗಳು."

"ಯಾವ ಗೌರವ್ವ?"

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಹೇಳಿದಳು: "ನೀವು ಹಾಡಿನ್ಯಾಗ ಬಾವಿಗೆ ಹಾರಿಸಿದ್ರಲ್ರಿ, ಆ ಗೌರವ್ವ."

ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು. ತಿಪ್ಪವ್ವನ ರಾಟಿಯೂ ನಿಂತಿತು. ಅವನು ನೀಲವ್ವನ ಮುಖ ನೋಡಿದ.

"ಆಕಿಗೆ ಮಗಳು ಇದ್ದಳಾ?" ಎಂದ. ಅದು ನಮ್ಮನ್ನು ಕೇಳಿದ ಹಾಗಿರಲಿಲ್ಲ.

ತಿಪ್ಪವ್ವ ಎದ್ದು ನಮಗೆ ಕಂಬಳಿ ಹಾಸಿ, ನೀರು ಬೆಲ್ಲ ಕೊಟ್ಟಳು. ನಾನು ರೋಣದವರು ಹೇಳಿದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಇಷ್ಟು ವರ್ಷ ಹಿಡಿದಿಟ್ಟ ಸಿಟ್ಟು ಬಂದುಬಿಟ್ಟಿತು. "ನೀವು ನನ್ನ ತಂಗೀನ್ನ ನೋಡಿದ್ರೇನು? ಆ ಬಳೆಗಾರನ್ನ ನೋಡಿದ್ರೇನು? ಸತ್ತಾಕಿ ಎದ್ದು ಬಂದು ಕೇಳೂದಿಲ್ಲಂತ ಬಾಯಿಗೆ ಬಂದಂಗ ಹಾಡೂದೇನು?" ಎಂದೆ.

"ನೋಡಿಲ್ಲ" ಎಂದ ಈರಪ್ಪ. "ಊರು ಗೊತ್ತಿತ್ತು, ಹೆಸರು ಗೊತ್ತಿತ್ತು, ಬಾವಿ ಗೊತ್ತಿತ್ತು. ಬಾಕಿದ್ದು ನಾ ಕಟ್ಟಿದ್ದು. ಹ್ಯಾಂಗ ಕಟ್ಟಿದೆ ಅಂತ ಹೇಳತೀನಿ, ಕೇಳ್ರಿ. ಆಮ್ಯಾಲ ಬೇಕಾದ್ರ ಉಗುಳ್ರಿ."

ಅವನು ಹೇಳಿದ್ದು ಇದು. ಗೀಗಿ ಹಾಡಿನಲ್ಲಿ ಎರಡು ಮೇಳ ಎದುರುಬದುರು ಕೂತು ಹಾಡುತ್ತವೆ. ಹರದೇಶಿ ಮೇಳದವರು ಗಂಡು ಹೆಚ್ಚು ಎನ್ನಬೇಕು. ನಾಗೇಶಿ ಮೇಳದವರು ಹೆಣ್ಣು ಹೆಚ್ಚು ಎನ್ನಬೇಕು. ಒಬ್ಬರು ತಪ್ಪು ತೆಗೆದರೆ ಇನ್ನೊಬ್ಬರು ಎದ್ದು ಅದನ್ನು ಹರಿದು ಹಾಕಬೇಕು. ಈರಪ್ಪ ಹರದೇಶಿ. ಎದುರಿನ ಮೇಳದ ದ್ಯಾಮವ್ವ ಎಂಬವಳು ಅವನಿಗೆ ಎದುರು ಹಾಡುವ ಜೋಡಿ. ಸುಗ್ಗಿಯಲ್ಲಿ ಒಂದು ಊರ ಕಣದಲ್ಲಿ ಇಬ್ಬರಿಗೂ ಪೈಪೋಟಿ ಬಿತ್ತು. ಅದೇ ವಾರ ಅಸೂಟಿಯ ಸುದ್ದಿ ಬಂದಿತ್ತು. ಹರದೇಶಿಯವನಾದ್ದರಿಂದ ಅವನು ಹೆಣ್ಣಿನ ತಪ್ಪು ಹುಡುಕಬೇಕಿತ್ತು. ಸಿಗಲಿಲ್ಲ, ಕಟ್ಟಿದ.

"ದ್ಯಾಮವ್ವನ ಬಾಯಿ ನಿಮಗ ಗೊತ್ತಿಲ್ಲ" ಎಂದ. "ಆಕಿ ಎದ್ದು ನಿಂತ್ರ ನನ್ನ ಬಳೆಗಾರ ಮಣ್ಣ ಮುಕ್ಕತಿದ್ದ. ಅದಕ್ಕ ಅಂಜದ ಕಟ್ಟಿದ್ದು. ನಾ ಒಂದು ಮಗ್ಗಲು ಹೇಳತೀನಿ, ಆಕಿ ಇನ್ನೊಂದು ಮಗ್ಗಲು ಹೇಳತಾಳ, ಕೇಳಿದ ಮಂದಿ ಎರಡೂ ಕೂಡಿಸಿಕೊಂಡು ಮನಿಗಿ ಹೋಗತಾರ. ನಮ್ಮ ರೂಢಿ ಹಂಗ. ಅವತ್ತು ಬೆಳಗಾತು, ಮುಂದಿನ ಕೂಟಕ್ಕ ಉತ್ತರ ಕೊಡತೀನಿ ಅಂದ್ಲು. ಮುಂದಿನ ಕೂಟ ಬರಲಿಲ್ಲ. ಕಾಲರಾ ಬಂತು. ನಾಕು ದಿನದಾಗ ಹೋದಳು, ಆಕಿ ಮೇಳಾನೂ ಚದರಿತು. ನನ್ನ ಮಗ್ಗಲು ಒಂದ ಉಳೀತು. ಅದು ಊರೂರು ಅಡ್ಡಾಡಿತು."

"ಮತ್ತ ನೀವರ ಹಾಡೂದು ಬಿಡಬೇಕಿತ್ತು."

"ಬಿಟ್ಟೆ ತಾಯಿ. ಯಾವಾಗೋ ಬಿಟ್ಟೆ. ನಾ ಬಿಟ್ರ ಅದು ನನ್ನ ಬಿಡತೈತೇನು?" ಮಗ್ಗದ ಮೇಲಿನ ಸೀರೆಯನ್ನು ಬೆರಳಿನಿಂದ ಮುಟ್ಟಿದ. "ಇದು ಒಬ್ಬಾಕಿ ಉಡತಾಳ, ಒಂದು ದಿನ ಹರೀತೈತಿ. ಹಾಡು ಹಂಗಲ್ಲ. ಉಟ್ಟಷ್ಟೂ ಹೊಸಾದಾಗತೈತಿ. ನಾ ಸತ್ರೂ ಅದು ಇರತೈತಿ. ನಾ ಕಟ್ಟಿದ್ದರಾಗ ಮಂದಿ ಬಾಯಾಗ ಉಳದದ್ದು ಅದೊಂದ. ದೇವರ ಮ್ಯಾಲೆ ಎಷ್ಟು ಕಟ್ಟೀನಿ, ಒಂದೂ ಉಳೀಲಿಲ್ಲ."

"ಹಂಗಂದ್ರ ನರಗುಂದಕ್ಕ ಬಂದು ಉತ್ತರ ನೀವ ಹಾಡ್ರಿ" ಎಂದೆ.

ಅವನು ಗೂಟದ ಮೇಲಿನ ದಪ್ಪನ್ನು ನೋಡಿದ. ಹರದೇಶಿಯವನ ಬಾಯಲ್ಲಿ ನಾಗೇಶಿ ಪದ ಬರಬಾರದೆಂದು ಗುರುವಿನ ಮುಂದೆ ಆಣೆ ಮಾಡಿದ್ದಾನಂತೆ. ಹಾಗೆ ಬಂದ ದಿನ ದಪ್ಪು ಕೆಳಗಿಡಬೇಕು, ಮತ್ತೆ ಹಿಡಿಯಬಾರದು. "ನನಗ ಬ್ಯಾರೇ ಏನೂ ಇಲ್ರಿ. ಕುಣ್ಯಾಗ ಕುಂತು ಕುಂತು ಕಾಲು ಸತ್ತಾವು. ಹಾಡು ಒಂದರಾಗ ನಾ ಎದ್ದು ನಿಂತಿರತೀನಿ" ಎಂದ.

ತಿಪ್ಪವ್ವ ಅಲ್ಲಿಂದಲೇ ಅಂದಳು: "ಇಡ್ರಿ ಕೆಳಗ. ಒಂದು ಹೆಣ್ಣ ಹುಡಿಗಿ ಬಾಳೇಕಿಂತ ಆಡಿನ ತೊಗಲು ದೊಡ್ಡದಾತೇನು? ಹತ್ತು ವರ್ಷ ಆಕಿ ಅವ್ವನ್ನ ಬಡಿದೀರಿ, ಸಾಕು."

ಅವನು ನೀಲವ್ವನ ಕಡೆ ತಿರುಗಿ, "ನೀ ಕಂಡದ್ದು ಹೇಳು ಮಗಳ. ನಾ ಕಟ್ಟತೀನಿ" ಎಂದ.

ನೀಲವ್ವ ಹೇಳಿದಳು. ಆ ದಿನದ ಬಗ್ಗೆ ಅವಳು ನನ್ನ ಹತ್ತಿರವೂ ಎಂದೂ ಅಷ್ಟು ಮಾತಾಡಿರಲಿಲ್ಲ. ಅವ್ವನ ಕೈ ಸುಡುತ್ತಿತ್ತು, ದಾರಿಯಲ್ಲಿ ಮೂರು ಕಡೆ ಕೂತಳು, ಕಡೆಯ ಮೆಟ್ಟಿಲಲ್ಲಿ ನೀನು ಮೇಲೆಯೇ ನಿಲ್ಲು ಎಂದಳು ಎಂದು ಹೇಳಿದಳು. ಅಳಲಿಲ್ಲ. ಈರಪ್ಪ ಲಾಳಿ ಎಸೆಯುತ್ತ, ಮಗ್ಗದ ತಾಳಕ್ಕೆ ತುಟಿಯೊಳಗೆ ಮಾತು ಕೂಡಿಸುತ್ತ ಕೂತ. ಒಂದು ನುಡಿ ಅಂದು, ತಲೆ ಅಲ್ಲಾಡಿಸಿ ಬಿಟ್ಟ. ಇನ್ನೊಂದು ಹಿಡಿದ, ಅದನ್ನೂ ಬಿಟ್ಟ. ನಾವು ರೊಟ್ಟಿ ಬಿಚ್ಚಿ ಅವರಿಗೂ ಕೊಟ್ಟು ಉಂಡೆವು. ಅವನ ರೊಟ್ಟಿ ಹಾಗೇ ಇತ್ತು. ಹೊತ್ತು ಇಳಿಯುವಾಗ ಅವನ ಹಣೆಯಲ್ಲಿ ಬೆವರು ಕಂಡಿತು.

"ಕೂಡವಲ್ದ್ರಿ" ಎಂದ. "ಸುಳ್ಳು ಕಟ್ಟುವಾಗ ಮಗ್ಗ ತಾನ ಮಾತು ಕೊಡತಿತ್ತು. ಖರೇದಾಗ ಏನೂ ಆಗಲೇ ಇಲ್ಲಲ್ಲ. ಒಬ್ಬಾಕಿಗೆ ಜ್ವರ ಬಂತು. ನೀರು ಬೇಕಾಗಿತ್ತು. ಸತ್ತಳು. ಮುಂದೇನಾತು ಅಂತ ಮಂದಿ ಕೇಳತಾರ. ಮುಂದೇನೂ ಇಲ್ಲ."

ಆದರೂ ಬರುತ್ತೇನೆಂದು ಮಾತು ಕೊಟ್ಟ. ಸಂಜೆಯ ಬಸ್ಸಿನಲ್ಲಿ ನೀಲವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಮಾತ್ರ, ಯಾಕೋ, ಕೆಲಸವಾಗುತ್ತದೆ ಎನಿಸಿತ್ತು.

ರೋಣದವರಿಗೆ ಹೇಳಿಕಳಿಸಿ ದಿನ ಗೊತ್ತು ಮಾಡಿದೆವು. ಈರಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ. ತೊಳೆದ ಧೋತರ ಉಟ್ಟು, ದಪ್ಪನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ. ಮೇಳದವರು ಯಾರೂ ಜೊತೆಗಿರಲಿಲ್ಲ. ಆಣೆ ಮುರಿಯುವವನ ಹಿಂದೆ ನಾವು ನಿಲ್ಲುವುದಿಲ್ಲ ಎಂದರಂತೆ. ನಮ್ಮ ಕಟ್ಟೆಯ ಮೇಲೆ ರೋಣದ ಹಿರಿಯರು ಕೂತರು. ಹುಡುಗನ ತಾಯಿ, ನಾನು, ನೀಲವ್ವ ಬಾಗಿಲಲ್ಲಿ ನಿಂತೆವು. ದಪ್ಪಿನ ಸಪ್ಪಳ ಕೇಳಿ ಪೇಟೆಯ ಹಮಾಲರು, ಚಕ್ಕಡಿಯವರು ಬಂದು ಸುತ್ತಲೂ ನಿಂತರು. ಗಜೇಂದ್ರಗಡದ ಈರಪ್ಪ ಬಂದಾನ ಎಂದು ಒಬ್ಬರಿಗೊಬ್ಬರು ಹೇಳಿ ಇನ್ನಷ್ಟು ಮಂದಿ ಕೂಡಿದರು.

ಅವನು ಹಾಡಿದ. ದನಿ ಮೊದಲಿನದೇ ಇತ್ತೆಂದು ಜನ ಅನ್ನುತ್ತಿದ್ದರು. ಹಿಂದೆ ಎತ್ತಿಕೊಡುವವರು ಇಲ್ಲದೆ ಪ್ರತಿ ನುಡಿಯೂ ಒಂಟಿಯಾಗಿ ನಿಂತಿತು. ಜ್ವರ ಬಂದದ್ದು ಹಾಡಿದ. ಕೊಡ ಒಯ್ದದ್ದು ಹಾಡಿದ. ಮಗಳನ್ನು ಮೇಲೆ ನಿಲ್ಲಿಸಿದ್ದು ಹಾಡಿದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ನಿಂತ ಮಂದಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು. ಹಾಡು ಮುಗಿದದ್ದು ಅವರಿಗೆ ತಿಳಿಯಲಿಲ್ಲ. ಮುಂದೇನೋ ಇದೆ ಎಂದು ಕಾದರು.

ಆಗ ಹಿಂದಿನಿಂದ ಒಬ್ಬ ಹಮಾಲ ಕೂಗಿದ: "ಅಣ್ಣಾ, ಇದು ಸಾಕು! ಹಳೇದು ಹಾಡೋ! ಬಳೆಗಾರಂದು!"

"ಹೌದ ಹೌದ, ಬಳೆಗಾರಂದು!" ಎಂದು ನಾಲ್ಕಾರು ಜನ ನಕ್ಕರು. ಯಾರೋ ಆ ದಾಟಿಯನ್ನು ಶುರು ಮಾಡಿಯೂಬಿಟ್ಟರು. ನಮ್ಮ ಮನೆಯವರು ಹೋಗಿ ಅವರನ್ನು ಗದರಿಸಿ ಕಳಿಸಿದರು. ಪಾಪ, ಅವರಿಗೇನು ಗೊತ್ತು, ಬಾಗಿಲಲ್ಲಿ ನಿಂತ ಹುಡುಗಿ ಯಾರೆಂದು.

ಈರಪ್ಪ ದಪ್ಪನ್ನು ಕಟ್ಟೆಯ ಮೇಲಿಟ್ಟು ಹುಡುಗನ ದೊಡ್ಡಪ್ಪನಿಗೆ ಕೈ ಮುಗಿದ. "ಹಿರ್ಯಾರ, ಆ ಹಾಡು ಸುಳ್ಳು. ಬಳೆಗಾರ ಅನ್ನಾವ ಇರಲೇ ಇಲ್ಲ. ಆ ತಾಯಿ ಮ್ಯಾಲೆ ಒಂದು ಕೂದಲಿನಷ್ಟೂ ತಪ್ಪಿಲ್ಲ. ಕಟ್ಟಿದಾವ ನಾನು ಹೇಳತೀನಿ."

ದೊಡ್ಡಪ್ಪ ಎದ್ದು ಅವನ ಕೈ ಹಿಡಿದರು. "ನಿಮ್ಮ ಮಾತು ನಂಬಿದೆ" ಎಂದರು. ಆಮೇಲೆ ಹುಡುಗನ ತಾಯಿಯ ಕಡೆ ನೋಡಿದರು. ಅವಳ ಕಣ್ಣಲ್ಲಿ ನೀರಿತ್ತು. ನೀಲವ್ವನ ಗಲ್ಲ ಹಿಡಿದು, ನನಗೆ ಮಾತ್ರ ಕೇಳಿಸುವ ಹಾಗೆ ಅಂದಳು:

"ನಾನೂ ನಂಬತೀನಿ ಯಕ್ಕಾ. ಆದ್ರ ನಾಳೆ ನಮ್ಮ ಓಣ್ಯಾಗ ಹೆಣ್ಣಮಕ್ಕಳು ಬೀಸಾಕ ಕುಂತ್ರ ಯಾವ ಹಾಡು ಹಾಡತಾರ? ಈ ಹೊಸಾದು ಹಾಡತಾರೇನು? ನಮ್ಮ ಮನಿ ಬಾಗಿಲ ಮುಂದ ದಿನಾ ಅದನ್ನ ಕೇಳಿಕೊಂತ ಈ ಹುಡಿಗಿ ಹ್ಯಾಂಗ ಬಾಳತಾಳ? ನಾ ಹ್ಯಾಂಗ ಬಾಳಲಿ?"

ಚಹಾ ಕುಡಿದು ಹೋದರು. ಎಲೆಅಡಿಕೆಯ ತಟ್ಟೆ ಇಟ್ಟಲ್ಲೇ ಇತ್ತು.

ಈರಪ್ಪ ಊಟಕ್ಕೆ ನಿಲ್ಲಲಿಲ್ಲ. ದಪ್ಪು ಬಿಟ್ಟು ಹೊರಟದ್ದನ್ನು ನೋಡಿ ನಾನು ಕರೆದೆ. "ನನ್ನ ಕೈಯಾಗ ಇನ್ನ ಅದು ಬರಬಾರದ್ರಿ. ಯಾರಿಗರ ಕೊಡ್ರಿ" ಎಂದ. ಹಾಗೇ ಹೋದ. ಆ ದಪ್ಪನ್ನು ಯಾರಿಗೂ ಕೊಡಲು ನನಗೆ ಮನಸ್ಸಾಗಲಿಲ್ಲ. ಅಟ್ಟದ ಮೇಲೆ ಇಟ್ಟಿದ್ದೆ, ಇಲಿಗಳು ತೊಗಲನ್ನು ತಿಂದುಹಾಕಿದವು. ಸೀರೆಯ ವ್ಯಾಪಾರಕ್ಕೆ ಬರುವ ಗಜೇಂದ್ರಗಡದವರು ಹೇಳುತ್ತಾರೆ, ಈಗ ಈರಪ್ಪನ ಮಗ್ಗದಿಂದ ಸೀರೆಗಳು ಲಗೂ ಲಗೂ ಇಳಿಯುತ್ತವಂತೆ. ತಿಪ್ಪವ್ವ ಅದಕ್ಕೇ ಅಳುತ್ತಾಳಂತೆ.

ನೀಲವ್ವನನ್ನು ಮರುವರ್ಷ ಕೃಷ್ಣೆಯ ಆಚೆ ವಿಜಾಪುರದ ಕಡೆಯ ಒಂದು ಹಳ್ಳಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟೆವು. ಗಂಡನಿಗೆ ವಯಸ್ಸು ಹೆಚ್ಚು. ಆ ಹಾಡು ಅಷ್ಟು ದೂರ ಹೋಗಿರಲಿಲ್ಲ, ಅದೊಂದೇ ನಾವು ನೋಡಿದ ಗುಣ.

ಕಳೆದ ವರ್ಷ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಒಳಗೆ ತೊಟ್ಟಿಲು ತೂಗುತ್ತ ನೀಲವ್ವ ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಮೊದಲು ನನಗೆ ಗುರುತು ಹತ್ತಲಿಲ್ಲ, ಅಷ್ಟು ನಿಧಾನವಾಗಿತ್ತು. ಆಮೇಲೆ ಮೊರ ಕೆಳಗಿಟ್ಟು ಎದ್ದು ಹೋದೆ.

"ಅಸೂಟಿ ಗೌರಿ ನೀರಿಗಿ ಹೊಂಟಾಳ" ಎಂಬುದೊಂದೇ ಸಾಲು. ಮತ್ತೆ ಅದೇ ಸಾಲು. ಬಳೆಯ ಮಾತು ಬರುವ ಮೊದಲೇ ತಿರುಗಿ ಮೊದಲಿಗೆ ಬರುತ್ತಿದ್ದಳು.

"ಇದು ಯಾಕವ್ವ? ಜಗದಾಗ ಬ್ಯಾರೇ ಜೋಗುಳ ಇಲ್ಲೇನು?" ಎಂದೆ.

"ಅವ್ವನ ಹೆಸರು ಬ್ಯಾರೇ ಯಾವ ಹಾಡಿನ್ಯಾಗ ಐತಿ ದೊಡ್ಡವ್ವ?"

"ಈರಪ್ಪ ನಮ್ಮ ಕಟ್ಟಿ ಮ್ಯಾಲೆ ಹಾಡಿದ್ದು?"

ತೊಟ್ಟಿಲ ಹಗ್ಗ ಹಿಡಿದೇ ನನ್ನನ್ನು ನೋಡಿದಳು. "ಅದು ನನಗ ನೆನಪಿಲ್ಲ. ನಿನಗ ಐತೇನು?"

ನಾನು ಅಲ್ಲೇ ನಿಂತು ನೆನಪು ಮಾಡಿಕೊಂಡೆ. ಜ್ವರ, ಕೊಡ, ಮೆಟ್ಟಿಲು ಎಲ್ಲ ಇತ್ತು. ಒಂದು ಸಾಲೂ ಹಾಡಾಗಿ ಬರಲಿಲ್ಲ.

ಹಾಡು ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಹಾಡು ಕಟ್ಟುವವರನ್ನು ಕಂಡರೆ ಈಗಲೂ ನನಗೆ ಒಂದು ಹೆದರಿಕೆ. ಅವರ ಬಾಯಿಗೆ ಬಿದ್ದವರು ಸತ್ತ ಮೇಲೂ ಅವರ ಮಾತಿನ ಹಾಗೆಯೇ ನಡೆಯಬೇಕು. ಬೀಳದವರನ್ನು ಯಾರೂ ಕೂಗುವುದೇ ಇಲ್ಲ. ಅಂದು ತಿರುಗಿ ಬಂದು ಮೊರ ಹಿಡಿದೆ. ಕೂಸು ಮಲಗುವವರೆಗೂ ಒಳಗೆ ನನ್ನ ತಂಗಿ ನೀರಿಗೆ ಹೊರಡುತ್ತಲೇ ಇದ್ದಳು, ಬಾವಿ ಮುಟ್ಟಲಿಲ್ಲ.